ಹತ್ತು ಬೆರಳಿಗೂ ಪರದೆ ಓಗೊಡಲಿ: ಮಲ್ಟಿಟಚ್ ಮಿತಿ ಮೀರಲು 10 ಸೂತ್ರಗಳು

ಆಟದ ನಿರ್ಣಾಯಕ ಗಳಿಗೆಯಲ್ಲಿ ಮೂರನೆಯ ಬೆರಳು ಇಟ್ಟ ಕೂಡಲೇ ಫೋನ್ ಸ್ಕ್ರೀನ್‌ಶಾಟ್ ತೆಗೆಯುತ್ತದೆ. ಟ್ಯಾಬ್ಲೆಟ್‌ನಲ್ಲಿ ಪಿಯಾನೊ ಅಭ್ಯಾಸ ಮಾಡುವ ಮಗುವಿಗೆ ನಡುವಿನ ಒಂದು ಸ್ವರ ಕೈಕೊಡುತ್ತದೆ. ಮಳೆಯಲ್ಲಿ ನಿಂತು ತರಕಾರಿಯವರಿಗೆ ಯುಪಿಐನಲ್ಲಿ ದುಡ್ಡು ಹಾಕಲು ಹೋದರೆ ಪಿನ್ ತಪ್ಪುತ್ತದೆ. ಇಂಥ ಹೊತ್ತಿನಲ್ಲಿ ನಾವು ಪರದೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತುತ್ತೇವೆ, ಇಲ್ಲವೇ ಹೊಸ ಫೋನಿನ ಬೆಲೆ ವಿಚಾರಿಸುತ್ತೇವೆ. ಎರಡರ ಅಗತ್ಯವೂ ಇಲ್ಲ. ಹಲವು ಬೆರಳುಗಳನ್ನು ಒಮ್ಮೆಗೇ ಗುರುತಿಸುವ ಮಲ್ಟಿಟಚ್‌ನ ಮಿತಿ ಇರುವುದು ಮೂರು ಕಡೆ: ಗಾಜಿನಡಿಯ ಸೆನ್ಸರ್‌ನಲ್ಲಿ, ಅದನ್ನು ಓದುವ ಸಾಫ್ಟ್‌ವೇರ್‌ನಲ್ಲಿ, ಫೋನಿನ ಸುತ್ತಲಿನ ನೀರು, ವಿದ್ಯುತ್ತು, ಗಾಜುಗಳಲ್ಲಿ. ತೊಡಕು ಯಾವ ಕಡೆಯದು ಎಂದು ಪತ್ತೆ ಮಾಡಿದರೆ ಎಷ್ಟೋ ಸಲ ಪರಿಹಾರಕ್ಕೆ ಒಂದು ರೂಪಾಯಿಯೂ ಬೇಕಾಗುವುದಿಲ್ಲ.

1. ಪರದೆ ಏನನ್ನು ಅಳೆಯುತ್ತದೆಂದು ಮೊದಲು ತಿಳಿಯಿರಿ

ಇಂದಿನ ಫೋನಿನ ಪರದೆ ಅಳೆಯುವುದು ವಿದ್ಯುತ್ತಿನ ಬದಲಾವಣೆಯನ್ನು, ಬೆರಳಿನ ಒತ್ತಡವನ್ನಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕ ಸಾಲುಗಳು ಅಡ್ಡಕ್ಕೂ ಉದ್ದಕ್ಕೂ ಹಾಸಿರುತ್ತವೆ. ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಸ್ತು ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತದೆ. ಸಾಲುಗಳು ಕೂಡುವ ಜಾಗಗಳು ಚುಕ್ಕಿ ರಂಗೋಲಿಯ ಚುಕ್ಕಿಗಳಂತೆ ಪರದೆಯ ತುಂಬ ಹರಡಿರುತ್ತವೆ. ಬೆರಳು ತಾಗಿದ ಜಾಗದಲ್ಲಿ ವಿದ್ಯುತ್ ಧಾರಣಶಕ್ತಿ ಬದಲಾಗುತ್ತದೆ, ಚಿಪ್ ಅದನ್ನು ಗುರುತಿಸುತ್ತದೆ.

ಪ್ರತಿ ಚುಕ್ಕಿಯನ್ನೂ ಬೇರೆಯಾಗಿ ಅಳೆಯುವ ಪರದೆಗೆ ಹತ್ತು ಬೆರಳಾದರೂ ಗೊಂದಲವಿಲ್ಲ. ಅಡ್ಡಸಾಲು, ಉದ್ದಸಾಲುಗಳನ್ನು ಮಾತ್ರ ಅಳೆಯುವ ವಿಧಾನದಲ್ಲಿ ಎರಡು ಬೆರಳಿಟ್ಟರೆ ಎರಡು ಅಡ್ಡಸಾಲು, ಎರಡು ಉದ್ದಸಾಲು ಸಿಗುತ್ತವೆ. ಅವು ಕೂಡುವ ಜಾಗ ನಾಲ್ಕು: ಎರಡು ನಿಜ, ಎರಡು ಸುಳ್ಳು. 2010ರಲ್ಲಿ ಬಂದ ನೆಕ್ಸಸ್ ಒನ್ ಫೋನಿನಲ್ಲಿ ಇದೇ ಬಗೆಯ ತೊಡಕಿತ್ತು. ಎರಡು ಬೆರಳುಗಳು ಒಂದೇ ಸಾಲಿಗೆ ಬಂದು ಒಂದನ್ನೊಂದು ದಾಟಿದರೆ ಅವುಗಳ ಗುರುತು ಅದಲುಬದಲಾಗುತ್ತಿತ್ತು. ಚಿತ್ರ ಹಿಗ್ಗಿಸಲು ಬೆರಳುಗಳ ನಡುವಿನ ದೂರವಷ್ಟೇ ಸಾಕಾದ್ದರಿಂದ ಅಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಎರಡು ಹೆಬ್ಬೆರಳಿನಲ್ಲಿ ಆಡುವ ಆಟಗಳಲ್ಲಿ ಬಯಲಾಗುತ್ತಿತ್ತು.

2. ನಿಮ್ಮ ಫೋನಿನ ಬೆರಳೆಣಿಕೆ ನೀವೇ ಮಾಡಿ

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಬೇರೆ ಆ್ಯಪ್ ಬೇಡ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ತಟ್ಟಿ. ಕೆಲವು ಫೋನುಗಳಲ್ಲಿ ಇದು ಇನ್ನೂ ಒಂದು ಮೆನು ಒಳಗಿರುತ್ತದೆ. ಏಳು ಸಲ ತಟ್ಟಿದಾಗ ತೆರೆದುಕೊಳ್ಳುವ ‘ಡೆವಲಪರ್ ಆಪ್ಷನ್ಸ್’ನಲ್ಲಿ ‘ಪಾಯಿಂಟರ್ ಲೊಕೇಶನ್’ ಆನ್ ಮಾಡಿ. ಈಗ ಬೆರಳುಗಳನ್ನು ಒಂದೊಂದಾಗಿ ಇಡುತ್ತ ಹೋಗಿ. ಪರದೆಯ ಮೇಲಂಚಿನ ಪಟ್ಟಿಯಲ್ಲಿ ಸದ್ಯ ಎಷ್ಟು ಬೆರಳು ದಾಖಲಾಗಿದೆ, ಗರಿಷ್ಠ ಎಷ್ಟಾಗಿತ್ತು ಎಂಬ ಎರಡೂ ಸಂಖ್ಯೆ ಕಾಣುತ್ತವೆ.

ಅಷ್ಟಕ್ಕೇ ಬಿಡಬೇಡಿ. ಒಂದು ಬೆರಳಿನಿಂದ ಮೂಲೆಯಿಂದ ಮೂಲೆಗೆ ನಿಧಾನವಾಗಿ ಗೆರೆ ಎಳೆಯಿರಿ. ಗೆರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ತುಂಡಾದರೆ ತೊಂದರೆ ಸೆನ್ಸರ್‌ನದು. ಗೆರೆ ಚೆನ್ನಾಗಿದ್ದೂ ಆಟವೊಂದು ತಕರಾರು ಮಾಡಿದರೆ ತೊಂದರೆ ಆ ಆಟದ್ದು ಅಥವಾ ಸೆಟ್ಟಿಂಗಿನದು. ಈ ಒಂದು ಪರೀಕ್ಷೆ ಉಳಿದ ಎಲ್ಲ ಸೂತ್ರಗಳಿಗೂ ಅಡಿಪಾಯ.

3. ಎಷ್ಟು ಬೆರಳು ಬೇಕೆಂದು ಲೆಕ್ಕ ಹಾಕಿ, ಆಮೇಲೆ ಕೊಳ್ಳಿ

ಆಂಡ್ರಾಯ್ಡ್ ತನ್ನ ಪರದೆಗಳನ್ನು ಮೂರು ದರ್ಜೆಯಾಗಿ ಗುರುತಿಸುತ್ತದೆ. ಹಿಗ್ಗಿಸುವುದು, ಕುಗ್ಗಿಸುವುದಕ್ಕೆ ಸಾಕಾಗುವಷ್ಟು ಎರಡು ಬೆರಳು ಗುರುತಿಸಿದರೆ ‘ಮಲ್ಟಿಟಚ್’. ಎರಡು ಬೆರಳುಗಳನ್ನು ಸ್ವತಂತ್ರವಾಗಿ ಹಿಂಬಾಲಿಸಿದರೆ ‘ಡಿಸ್ಟಿಂಕ್ಟ್’. ಐದು ಅಥವಾ ಹೆಚ್ಚು ಬೆರಳಾದರೆ ‘ಜಾಝ್‌ಹ್ಯಾಂಡ್’. ಐಫೋನ್ ಒಮ್ಮೆಗೆ ಐದು ಸ್ಪರ್ಶಗಳನ್ನು ಒಪ್ಪುತ್ತದೆ, ಐಪ್ಯಾಡ್ 11 ಸ್ಪರ್ಶಗಳನ್ನು.

ಎರಡು ಹೆಬ್ಬೆರಳಿನಲ್ಲಿ ಟೈಪ್ ಮಾಡುವವರಿಗೆ ಎರಡು ಸಾಕು. ಬಿಜಿಎಂಐನಂಥ ಮೊಬೈಲ್ ಆಟ ಆಡುವವರ ನಾಲ್ಕು ಬೆರಳಿನ ಹಿಡಿತಕ್ಕೆ ಐದಿದ್ದರೆ ಸಾಕು. ಎರಡೂ ಕೈಯಲ್ಲಿ ಪಿಯಾನೊ ನುಡಿಸುವವರಿಗೆ ಮಾತ್ರ ಹತ್ತು ಬೇಕು, ಅವರು ಟ್ಯಾಬ್ಲೆಟ್ ನೋಡಲಿ.

4. ಬೆರಳುಗಳ ನಡುವೆ ಜಾಗ ಬಿಡಿ

ಪರದೆಗೆ ಹೆಬ್ಬೆರಳು, ತೋರುಬೆರಳೆಂಬ ಭೇದ ತಿಳಿಯದು. ಅದಕ್ಕೆ ಕಾಣುವುದು ಒಂದು ಗುರುತು, ಅದರ ಗಾತ್ರ, ಅದರ ಜಾಗ. ಬೆರಳ ತುದಿಯ ಅಗಲ ಸುಮಾರು 8ರಿಂದ 10 ಮಿಲಿಮೀಟರ್. ಎರಡು ಬೆರಳು ಒಂದಕ್ಕೊಂದು ಅಂಟಿ ಕುಳಿತರೆ ಎರಡು ಗುರುತು ಸೇರಿ ಒಂದೇ ಆಗಿಬಿಡುತ್ತದೆ. ಗಟ್ಟಿಯಾಗಿ ಒತ್ತಿದರೆ ಬೆರಳು ಚಪ್ಪಟೆಯಾಗಿ ಗುರುತು ಇನ್ನೂ ಹಿಗ್ಗುತ್ತದೆ, ಕೂಡಿಕೊಳ್ಳುವ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ಬೆರಳ ತುದಿಯಲ್ಲಿ ಹಗುರವಾಗಿ ಮುಟ್ಟಿ.

ಆಟದ ಗುಂಡಿಗಳನ್ನು ಸೆಟ್ಟಿಂಗ್ಸ್‌ನಲ್ಲಿ ದೂರ ಸರಿಸಿ. ಕನ್ನಡ ಟೈಪ್ ಮಾಡುವವರಿಗೆ ಈ ಮಾತು ಇನ್ನೂ ಮುಖ್ಯ. ‘ಸ್ತ್ರೀ’ ಎಂಬ ಒಂದು ಅಕ್ಷರದ ಹಿಂದೆ ಆರು ಸಂಕೇತಗಳಿವೆ: ಮೂರು ವ್ಯಂಜನ, ಎರಡು ಅರ್ಧಾಕ್ಷರ ಚಿಹ್ನೆ, ಒಂದು ದೀರ್ಘ. ಒಂದು ತಟ್ಟು ತಪ್ಪಿದರೂ ಒತ್ತಕ್ಷರ ಒಡೆಯುತ್ತದೆ. ಜಿಬೋರ್ಡ್‌ನಲ್ಲಿ ಕೀಬೋರ್ಡಿನ ಎತ್ತರ ಹೆಚ್ಚಿಸುವ ಆಯ್ಕೆ ಇದೆ. ಅದನ್ನು ಬಳಸಿ.

5. ಸ್ಪರ್ಶ ಕದಿಯುವ ಶಾರ್ಟ್‌ಕಟ್‌ಗಳನ್ನು ಬಂದ್ ಮಾಡಿ

ಸೆನ್ಸರ್ ಚೆನ್ನಾಗಿದ್ದರೂ ಬೆರಳು ಆ್ಯಪ್‌ಗೆ ತಲುಪದೇ ಇರಬಹುದು. ದಾರಿಯಲ್ಲೇ ಫೋನಿನ ಸಾಫ್ಟ್‌ವೇರ್ ಅದನ್ನು ತನ್ನದಾಗಿಸಿಕೊಂಡಿರುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಮೂರು ಬೆರಳು ಕೆಳಗೆ ಎಳೆದರೆ ಸ್ಕ್ರೀನ್‌ಶಾಟ್ ಬರುವ ಸೌಲಭ್ಯ ಮೊದಲೇ ಆನ್ ಆಗಿರುತ್ತದೆ. ಮೂರು ಬೆರಳಿನ ಆಟಕ್ಕೆ ಅಡ್ಡಗಾಲು ಇದೇ. ಸೆಟ್ಟಿಂಗ್ಸ್‌ನ ‘ಜೆಸ್ಚರ್ಸ್’ ಅಥವಾ ‘ಶಾರ್ಟ್‌ಕಟ್ಸ್’ ವಿಭಾಗದಲ್ಲಿ ಅದನ್ನು ಆಫ್ ಮಾಡಿ.

ಐಪ್ಯಾಡ್‌ನಲ್ಲಿ ನಾಲ್ಕೈದು ಬೆರಳು ಎಳೆದರೆ ಆ್ಯಪ್ ಬದಲಾಗುತ್ತದೆ, ಚಿವುಟಿದರೆ ಹೋಮ್ ಪರದೆಗೆ ಹೋಗುತ್ತದೆ. ಸಂಗೀತ, ಚಿತ್ರಕಲೆ ಅಭ್ಯಾಸ ಮಾಡುವಾಗ ‘ಮಲ್ಟಿಟಾಸ್ಕಿಂಗ್ ಆ್ಯಂಡ್ ಜೆಸ್ಚರ್ಸ್’ನಲ್ಲಿ ಅದನ್ನು ನಿಲ್ಲಿಸಿಡಿ.

6. ಕೈ ಒರೆಸಿ, ಪರದೆಯನ್ನೂ ಒರೆಸಿ

ನಮ್ಮ ಬೆರಳಿನಂತೆಯೇ ಮಳೆಹನಿ, ಬೆವರು ಕೂಡ ವಿದ್ಯುತ್ ವಾಹಕಗಳು. ಪರದೆ ಮೇಲಿನ ಹನಿ ಬೆರಳಿನಂತೆ ಕಾಣಬಹುದು, ಇಲ್ಲವೇ ಎರಡು ಬೆರಳುಗಳ ನಡುವೆ ಸೇತುವೆಯಾಗಿ ಅವನ್ನು ಒಂದಾಗಿಸಬಹುದು. ಮುಂಗಾರಿನ ಮಲೆನಾಡಿನಲ್ಲಾಗಲಿ ಬೇಸಿಗೆಯ ಕರಾವಳಿಯ ಸೆಕೆಯಲ್ಲಾಗಲಿ ಫೋನ್ ತಾನಾಗಿಯೇ ಏನೇನೋ ತೆರೆಯುವುದಕ್ಕೆ ಇದೂ ಒಂದು ಕಾರಣ. ಫೋನಿಗೆ ‘ನೀರು ತಾಳುತ್ತದೆ’ ಎಂಬ ಐಪಿ68 ದರ್ಜೆ ಇದ್ದರೂ ಅದು ನೀರು ಒಳಹೋಗದಿರುವುದರ ಮಾತು, ಒದ್ದೆ ಪರದೆ ಸರಿಯಾಗಿ ಸ್ಪಂದಿಸುತ್ತದೆಂಬ ಭರವಸೆಯಲ್ಲ. ಹಣ ಕಳಿಸುವ ಮುನ್ನ ಪರದೆಯನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಮೊತ್ತವನ್ನು ಇನ್ನೊಮ್ಮೆ ಓದಿ, ಆಮೇಲೆ ಪಿನ್ ಹಾಕಿ.

ಇದರ ವಿರುದ್ಧ ತುದಿಯೂ ಉಂಟು. ದುಡಿದು ಜಡ್ಡುಗಟ್ಟಿದ, ಒಣಗಿದ ಬೆರಳಿನ ತುದಿಗೆ ಪರದೆ ಬೇಗ ಓಗೊಡುವುದಿಲ್ಲ. ಹೊಲದಲ್ಲಿ, ಗಾರೆ ಕೆಲಸದಲ್ಲಿ ದುಡಿಯುವ ಹಿರಿಯರು ಫೋನ್ ತಮಗೆ ಬಗ್ಗದೆಂದು ಕೈಬಿಡುವುದು ಉಂಟು. ಅವರಿಗೆ ಬೆರಳಿನ ಬೇರೆ ಮೃದು ಭಾಗದಿಂದ ಮುಟ್ಟಲು ಹೇಳಿಕೊಡಿ, ಅಗ್ಗದ ಸ್ಟೈಲಸ್ ಒಂದನ್ನು ತಂದುಕೊಡಿ.

7. ಚಾರ್ಜರ್ ಕಿತ್ತು ನೋಡಿ, ಫೋನ್ ಕೈಯಲ್ಲಿ ಹಿಡಿದು ನೋಡಿ

ಯಾರೂ ಮುಟ್ಟದೆ ಪರದೆ ತಾನೇ ಕುಣಿದರೆ ಅದು ಘೋಸ್ಟ್ ಟಚ್. ಚಾರ್ಜ್ ಆಗುವಾಗ ಮಾತ್ರ ಹೀಗಾಗುತ್ತಿದ್ದರೆ ಚಾರ್ಜರ್ ಮೇಲೆ ಸಂಶಯ ಪಡಿ. ಕಳಪೆ ಚಾರ್ಜರ್‌ನಿಂದ ಹರಿಯುವ ವಿದ್ಯುತ್ ಗದ್ದಲ ಬೆರಳಿನ ಸಣ್ಣ ಸಂಕೇತವನ್ನು ಮುಚ್ಚಿಹಾಕುತ್ತದೆ. ಫೋನಿನ ಜೊತೆ ಬಂದದ್ದನ್ನೋ ಬಿಐಎಸ್ ಗುರುತು ಇರುವುದನ್ನೋ ಬಳಸಿ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಹಾಸಿಗೆ, ಮರದ ಮೇಜಿನ ಮೇಲೆ ಮಲಗಿಸಿದ ಫೋನಿಗೆ ನಮ್ಮ ದೇಹದ ಮೂಲಕ ಭೂಮಿಯೊಂದಿಗೆ ಸಿಗುವ ವಿದ್ಯುತ್ ಸಂಪರ್ಕ ದುರ್ಬಲ. ಆಗ ಹಲವು ಬೆರಳು ಒಟ್ಟಿಗೆ ಇಟ್ಟರೆ ಒಂದರ ಸಂಕೇತ ಇನ್ನೊಂದನ್ನು ಕುಗ್ಗಿಸಬಹುದು. ಫೋನನ್ನು ಕೈಗೆತ್ತಿಕೊಂಡ ಕೂಡಲೇ ಸರಿಹೋದರೆ ಕಾರಣ ಇದೇ.

8. ಸ್ಕ್ರೀನ್ ಗಾರ್ಡ್‌ಗೆ ತಕ್ಕ ಸೆಟ್ಟಿಂಗ್ ಇಡಿ

ಟೆಂಪರ್ಡ್ ಗ್ಲಾಸ್ ದಪ್ಪವಾದಷ್ಟೂ ಬೆರಳು ಸೆನ್ಸರ್‌ನಿಂದ ದೂರವಾಗುತ್ತದೆ, ಸಂಕೇತ ಕ್ಷೀಣಿಸುತ್ತದೆ. ಗಾಜಿನಡಿ ಗಾಳಿಗುಳ್ಳೆ ಉಳಿದರೂ ಹಾಗೇ. ಸ್ಯಾಮ್‌ಸಂಗ್ ಮುಂತಾದ ಕೆಲವು ಫೋನುಗಳಲ್ಲಿ ‘ಟಚ್ ಸೆನ್ಸಿಟಿವಿಟಿ’ ಹೆಚ್ಚಿಸುವ ಆಯ್ಕೆ ಇದೆ. ಗ್ಲಾಸ್ ಹಾಕಿಸಿದ ದಿನವೇ ಅದನ್ನು ಆನ್ ಮಾಡಿ, ತೆಗೆಸಿದ ದಿನ ಆಫ್ ಮಾಡಿ.

9. ಸಂಗೀತಕ್ಕೂ ಆಟಕ್ಕೂ ವೇಗ ನೋಡಿ

ಪರದೆ ಸೆಕೆಂಡಿಗೆ ಎಷ್ಟು ಸಲ ಬೆರಳನ್ನು ಹುಡುಕುತ್ತದೆ ಎಂಬುದೇ ಟಚ್ ಸ್ಯಾಂಪ್ಲಿಂಗ್ ರೇಟ್. 60 ಹರ್ಟ್ಸ್ ಎಂದರೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ, 240 ಎಂದರೆ ಸುಮಾರು 4 ಮಿಲಿಸೆಕೆಂಡಿಗೊಮ್ಮೆ. ಚಿತ್ರ ಬದಲಾಗುವ ರಿಫ್ರೆಶ್ ರೇಟ್ ಇದಕ್ಕಿಂತ ಬೇರೆ, ಜಾಹೀರಾತಿನಲ್ಲಿ ಎರಡನ್ನೂ ಬೆರೆಸಿ ಓದಬೇಡಿ. ಕೆಲವು ಕಂಪನಿಗಳು ಒಂದು ಬೆರಳಿಗೆ ಒಂದು ವೇಗ, ಐದು ಬೆರಳಿಗೆ ಅದಕ್ಕಿಂತ ಕಡಿಮೆ ವೇಗ ನಮೂದಿಸುತ್ತವೆ. ನಿಮಗೆ ಬೇಕಾದದ್ದು ಎರಡನೆಯದು.

ವೇಗ ಎಷ್ಟೇ ಇದ್ದರೂ ಬೆರಳು ಒತ್ತುವ ಬಲದ ವಿಚಾರದಲ್ಲಿ ಪರದೆಗೆ ಕಟ್ಟುನಿಟ್ಟಾದ ಮಿತಿಯಿದೆ. ಒತ್ತಡ ಅಳೆಯುವ 3ಡಿ ಟಚ್ 2015ರಲ್ಲಿ ಐಫೋನ್ 6ಎಸ್ ಜೊತೆ ಬಂತು, 2019ರ ಐಫೋನ್ 11ರ ಸಾಲಿನಲ್ಲಿ ಕೈಬಿಡಲಾಯಿತು. ಹಾಗಾಗಿ ತಬಲಾ, ಪಿಯಾನೊ ಆ್ಯಪ್‌ಗಳಲ್ಲಿ ಸ್ವರಸ್ಥಾನ, ಲೆಕ್ಕ ಕಲಿಯಬಹುದು. ಕೈಯ ತೂಕ, ಪೆಟ್ಟಿನ ನಾದ ಕಲಿಯಲು ನಿಜವಾದ ವಾದ್ಯವೇ ಬೇಕು.

10. ಡಿಸ್‌ಪ್ಲೇ ಬದಲಿಸಿದರೆ ಅಂಗಡಿಯಲ್ಲೇ ಪರೀಕ್ಷಿಸಿ

ಒಡೆದ ಪರದೆಗೆ ಹಾಕುವ ಅಗ್ಗದ ನಕಲಿ ಡಿಸ್‌ಪ್ಲೇಗಳಲ್ಲಿ ಚಿತ್ರ ಚೆನ್ನಾಗಿ ಕಂಡರೂ ಸ್ಪರ್ಶ ಕಳಪೆಯಾಗಿರಬಹುದು. ದುಡ್ಡು ಕೊಡುವ ಮೊದಲು ಎರಡನೆಯ ಸೂತ್ರದ ಪರೀಕ್ಷೆಯನ್ನು ಅಲ್ಲೇ ಮಾಡಿ: ಎಲ್ಲ ಬೆರಳು, ನಾಲ್ಕು ಮೂಲೆ, ಓರೆ ಗೆರೆ. ಹಳೆಯ ಫೋನ್ ಕೊಳ್ಳುವಾಗಲೂ ಇದನ್ನೇ ಮಾಡಿ. ಸ್ಯಾಮ್‌ಸಂಗ್ ಆದರೆ *#0*# ಡಯಲ್ ಮಾಡಿದರೂ ಪರೀಕ್ಷಾ ಪುಟ ತೆರೆಯುತ್ತದೆ.

ಆ್ಯಪ್ ಕಟ್ಟುವ ನಮ್ಮ ಯುವಕ ಯುವತಿಯರಿಗೆ ಒಂದು ಮಾತು. ಎರಡು ಬೆರಳಿನ ಸನ್ನೆಯಿಂದ ಮಾತ್ರ ನಡೆಯುವ ಯಾವ ಕೆಲಸವನ್ನೂ ಇಡಬೇಡಿ. 2018ರ ವೆಬ್ ಸುಗಮ್ಯತಾ ಮಾರ್ಗಸೂಚಿ ಡಬ್ಲ್ಯುಸಿಎಜಿ 2.1 ಹೇಳುವುದೂ ಇದನ್ನೇ: ಹಲವು ಬೆರಳಿನ ಸನ್ನೆಗೆ ಒಂದು ಬೆರಳಿನ ಪರ್ಯಾಯ ಇರಬೇಕು. ನಕಾಶೆ ಹಿಗ್ಗಿಸಲು ಚಿವುಟುವುದರ ಜೊತೆಗೆ ಕೂಡು, ಕಳೆ ಗುಂಡಿಗಳೂ ಇರಲಿ. ಗುಂಡಿಯ ಅಗಲ ಆಂಡ್ರಾಯ್ಡ್ ಸೂಚಿಸುವ 48 ಡಿಪಿಗಿಂತ, ಅಂದರೆ ಸುಮಾರು 9 ಮಿಲಿಮೀಟರ್‌ಗಿಂತ, ಕಡಿಮೆಯಾಗದಿರಲಿ. ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡ ತಾಯಿ, ಬೆರಳು ನಡುಗುವ ಅಜ್ಜ, ಒಂದೇ ಕೈಯಿರುವವರು, ಎಲ್ಲರಿಗೂ ಅದು ಬಳಕೆಯಾಗಬೇಕು.

ಓದುಗರೇ, ಫೋನ್ ಬದಲಿಸುವ ಯೋಚನೆ ಬಂದಿದ್ದರೆ ಈ ಸಂಜೆ ಮೊದಲು ಚಾರ್ಜರ್ ತೆಗೆಯಿರಿ, ಪರದೆ ಒರೆಸಿ, ಮೂರು ಬೆರಳಿನ ಶಾರ್ಟ್‌ಕಟ್ ನಿಲ್ಲಿಸಿ, ಬೆರಳೆಣಿಕೆ ಮಾಡಿ. ಇಷ್ಟಾದ ಮೇಲೂ ಗೆರೆ ತುಂಡಾದರೆ ಮಾತ್ರ ರಿಪೇರಿ ಅಂಗಡಿಗೆ ಹೋಗಿ.