ಕೆರೆ ತುಂಬದ ವರ್ಷದಲ್ಲಿ ಅಚ್ಚುಕಟ್ಟುದಾರರ ಒಗ್ಗಟ್ಟು

ಕೆರೆ ತುಂಬಿ ಕೋಡಿ ಹರಿದ ವರ್ಷ ಅಚ್ಚುಕಟ್ಟಿನಲ್ಲಿ ಜಗಳಗಳು ವಿರಳ. ಅರ್ಧ ಕೆರೆ ನೀರಿರುವ ವರ್ಷದಲ್ಲಿಯಾದರೋ, ತೂಬಿನ ಬಳಿಯವರು ಎಂದಿನಂತೆ ಬತ್ತವನ್ನೇ ನಾಟಿಮಾಡುವರು. ಕೊನೆಭಾಗದವರೂ ಹಟದಿಂದ ಅವರನ್ನು ಅನುಸರಿಸುವರು. ಪೈರು ಹೊಡೆಯಾಗುವ ಕಾಲಕ್ಕೆ ನೀರು ತೀರುತ್ತ ಬಂದು, ರಾತ್ರಿಯಲ್ಲಿ ಕಾಲುವೆ ಕಡಿಯುವುದು ಮೊದಲಾಗುತ್ತದೆ. ಹೊಡೆಯಿಂದ ಹೂವಿನವರೆಗೆ ನೀರು ತಪ್ಪಿದ ಬತ್ತವು ಜೊಳ್ಳಾಗುವುದರಿಂದ, ಆಮೇಲೆ ಕದ್ದ ನೀರೂ ಫಲಿಸುವುದಿಲ್ಲ.

ಆದುದರಿಂದ ಸಸಿಮಡಿ ಹಾಕುವುದಕ್ಕೆ ಮೊದಲೇ ಗ್ರಾಮದ ಮುಖಂಡರು ಎಲ್ಲ ಹಿಡುವಳಿದಾರರನ್ನೂ ಕೆರೆಯ ಏರಿಯ ಮೇಲೆ ಸೇರಿಸತಕ್ಕದ್ದು. ಚಾವಡಿಯಲ್ಲಿ ಕುಳಿತರೆ ಹಳೆಯ ಮಾತುಗಳೇ ಬೆಳೆಯುವುವು. ಏರಿಯ ಮೇಲಾದರೆ ಇರುವ ನೀರು ಎಲ್ಲರ ಕಣ್ಣಿಗೂ ಬೀಳುವುದು. ಬತ್ತಕ್ಕೆ ಬೇಕಾಗುವ ನೀರಿನ ಅರ್ಧಕ್ಕಿಂತಲೂ ಕಡಮೆಯಲ್ಲಿ ರಾಗಿ ಬೆಳೆಯುವುದು. ಎಷ್ಟು ಎಕರೆಗೆ ಬತ್ತ, ಎಷ್ಟಕ್ಕೆ ರಾಗಿ ಎಂಬುದನ್ನು ಅಲ್ಲಿಯೇ ನಿಶ್ಚಯಿಸಿ, ಬತ್ತವನ್ನು ತೂಬಿನ ಸಮೀಪದಲ್ಲಿ ಒಂದೇ ತಾಕಾಗಿ ಇಟ್ಟು, ಆ ವರ್ಷದ ಮಟ್ಟಿಗೆ ಕೊನೆಭಾಗದವರಿಗೂ ಅದರಲ್ಲಿ ಪಾಲು ಕೊಡುವುದು ಲೇಸು. ಸಿಂಹಳದ ಒಣಪ್ರದೇಶದ ಕೆರೆಗಳಲ್ಲಿ ‘ಬೆತ್ಮ’ ಎಂಬ ಹೆಸರಿನಿಂದ ಇಂತಹ ಪದ್ಧತಿಯು ಬಹುಕಾಲದಿಂದ ರೂಢಿಯಲ್ಲಿದೆ.

ಸರದಿಯ ನಿರ್ವಹಣೆಯು ನೀರುಗಂಟಿಯದು. ಅನೇಕ ಊರುಗಳಲ್ಲಿ ಅಚ್ಚುಕಟ್ಟಿನಲ್ಲಿ ಜಮೀನಿಲ್ಲದವನನ್ನೇ ಈ ಕೆಲಸಕ್ಕೆ ಇಟ್ಟುದು ವಿವೇಕದಿಂದಲೇ. ಬರವೆಂದು ಅವನ ಕೂಲಿಯ ಕಾಳನ್ನು ಕಡಮೆಮಾಡುವವರುಂಟು. ಇದು ಬಹು ತಪ್ಪಾದ ಮಿತವ್ಯಯ. ಆ ವರ್ಷವೇ ಅವನ ಕೆಲಸವು ಇಮ್ಮಡಿಯಾಗಿರುವುದು. ದೊಡ್ಡ ಹಿಡುವಳಿದಾರರು ಸರದಿ ಮೀರಿದರೆ ಅವನು ಬಾಯಿ ತೆರೆಯಲಾರನು. ಆ ಮಾತನ್ನು ಮುಖಂಡನೇ ಆಡಬೇಕು. ಅವನ ಗದ್ದೆಗೂ ಪಟ್ಟಿಯಂತೆಯೇ ನೀರು ಹರಿದಿರಬೇಕು.

ರಾಗಿಗೆ ಒಪ್ಪಿದವರಿಗೆ ಬೀಜವು ಬಿತ್ತನೆಯ ಕಾಲಕ್ಕೆ ದೊರೆಯುವಂತೆ ಮುಂಚಿತವಾಗಿಯೇ ತರಿಸಿಡತಕ್ಕದ್ದು.