ಡ್ಯಾಂಪರ್ ಕೊಳ್ಳುವ ಮುಂಚೆ ಕೋನ್‌ಸೆಟ್ ನೋಡಿಸು ಮಗ

80 ದಾಟಿದರೆ ಹ್ಯಾಂಡಲ್ ಒದರುತ್ತದೆ, ಸ್ಟೀರಿಂಗ್ ಡ್ಯಾಂಪರ್ ಹಾಕಿಸಿಬಿಡುತ್ತೇನೆ ಅಂತ ಹೊರಟಿದ್ದೀಯ. ಬೇಡ ಅನ್ನುವುದಿಲ್ಲ. ಒಳ್ಳೆಯ ಸಾಮಾನು ಅದು, ಜೀವ ಉಳಿಸಿದ್ದೂ ಉಂಟು. ಆದರೆ ನಿನ್ನ ಹಿಮಾಲಯನ್ನಿಗೆ ಅದು ಮೊದಲು ಬೇಕಾದದ್ದೋ, ಎಲ್ಲ ನೋಡಿಯಾದ ಮೇಲೆ ಬೇಕಾದದ್ದೋ, ಅಷ್ಟು ಮಾತ್ರ ನನ್ನ ಮಾತು ಕೇಳು.

ಡ್ಯಾಂಪರ್ ಮಾಡುವ ಕೆಲಸ ಬಲು ಸಣ್ಣದು. ಬ್ಯಾಂಕಿನ ಬಾಗಿಲ ನೆತ್ತಿಯ ಮೇಲೆ ಕೂರಿಸಿರುತ್ತಾರಲ್ಲ, ಬಾಗಿಲು ದಢಾರನೆ ಬಡಿಯದಂತೆ ಹಿಡಿದುಕೊಳ್ಳುವ ಎಣ್ಣೆ ತುಂಬಿದ ಡಬ್ಬಿ, ಇದೂ ಅದೇ ಜಾತಿ. ನಿಧಾನಕ್ಕೆ ತಿರುಗಿಸಿದರೆ ಬಿಟ್ಟುಕೊಡುತ್ತದೆ, ರಪ್ಪನೆ ಎಳೆದರೆ ತಡೆಯುತ್ತದೆ. ಗಾಡಿಯನ್ನು ನೆಟ್ಟಗೆ ಓಡಿಸುವುದು ಅದಲ್ಲ. ಫೋರ್ಕಿನ ಕತ್ತಿನ ಗೆರೆಯನ್ನು ನೆಲದವರೆಗೂ ಎಳೆದು ನೋಡು, ಟೈರು ನೆಲ ಮುಟ್ಟುವ ಜಾಗ ಆ ಗೆರೆಗಿಂತ ಒಂದಿಷ್ಟು ಹಿಂದೆ ಇರುತ್ತದೆ. ಆ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ಚಕ್ರ ತಾನಾಗಿ ನೆಟ್ಟಗೆ ಬರುವುದು ಮುಖ್ಯವಾಗಿ ಅದರಿಂದ. ಆ ಲೆಕ್ಕವನ್ನು ಕಂಪನಿಯವರು ಕೂರಿಸಿ ಕಳಿಸಿರುತ್ತಾರೆ. ಹೊಸದರಲ್ಲಿ ಒದರದ ಗಾಡಿ ಈಗ ಒದರುತ್ತಿದೆ ಅಂದರೆ ಏನೋ ಸವೆದಿದೆ, ಇಲ್ಲ ನೀನೇ ಏನೋ ಸೇರಿಸಿದ್ದೀಯ.

ಒದರಾಟದಲ್ಲೂ ಎರಡು ಬಗೆ. ಇಂಗ್ಲೆಂಡಿನ ರಾಬಿನ್ ಶಾರ್ಪ್ ಅನ್ನುವ ಎಂಜಿನಿಯರು 1971ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಹ್ಯಾಂಡಲ್ ಒಂದೇ ಗಡಗಡ ನಡುಗುವುದು ವಾಬಲ್. ಇಡೀ ಗಾಡಿ, ಸೀಟು, ಬಾಕ್ಸು ಎಲ್ಲ ಸೇರಿ ನಿಧಾನಕ್ಕೆ ಹಾವಿನಂತೆ ಹೊರಳುವುದು ವೀವ್. ಡ್ಯಾಂಪರ್ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಬಿಗಿ ಡ್ಯಾಂಪರ್ ಹಾಕಿದರೆ ಜೋರು ವೇಗದಲ್ಲಿ ಅದು ಇನ್ನೂ ಹೆಚ್ಚಾಗಬಹುದು. ನಿನ್ನದು ಯಾವುದು ಅಂತ ಕೇಳಿದರೆ ಮೊನ್ನೆ ನೀನು ಸರಿಯಾಗಿ ಹೇಳಲಿಲ್ಲ. ಮೊದಲು ಅದನ್ನು ಗುರುತಿಸು.

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ನೀನು ಗಾಡಿ ಓಡಿಸುವುದು ಎಲ್ಲಿ? ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಹತ್ತುವಂತಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಎಲ್ಲ ಸರ್ವೀಸ್ ರಸ್ತೆಯಲ್ಲೇ. ಅಲ್ಲಿ ಹಂಪು, ಅಡ್ಡ ಬರುವ ಟ್ರ್ಯಾಕ್ಟರು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಮೊಪೆಡ್ಡು. ಕನಕಪುರದಿಂದ ಸಂಗಮದ ಕಡೆ ಹೋದರೆ ಕಾಡು, ತಿರುವು, ಆನೆ ದಾಟುವ ಜಾಗ. ಮಾಗಡಿಯಿಂದ ಸಾವನದುರ್ಗ, ಮಂಚನಬೆಲೆ ಕಡೆ ರಸ್ತೆ ಬಿಟ್ಟು ಇಳಿದರೆ ಮರಳು, ಜಲ್ಲಿ, ಹಾಸುಬಂಡೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಒಕ್ಕಣೆಗೆ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಮುಂದಿನ ಚಕ್ರ ಜಾರಿದರೆ ಯಾವ ಡ್ಯಾಂಪರೂ ಎತ್ತಿ ಹಿಡಿಯುವುದಿಲ್ಲ. ವೇಗ ಇಳಿಸಬೇಕು, ಬ್ರೇಕ್ ಮುಟ್ಟದೆ ನೆಟ್ಟಗೆ ದಾಟಬೇಕು, ಅಷ್ಟೇ.

ಹಾಗಾದರೆ ಒದರಾಟ ಎಲ್ಲಿಂದ ಬಂತು? ಒಂದೊಂದಾಗಿ ಹುಡುಕು. ಸೆಂಟರ್ ಸ್ಟ್ಯಾಂಡ್ ಹಾಕು, ಇಲ್ಲದಿದ್ದರೆ ಎಂಜಿನ್ ಅಡಿಗೆ ಜಾಕ್ ಕೊಡು. ಮುಂದಿನ ಚಕ್ರ ನೆಲ ಬಿಡಬೇಕು. ಒಬ್ಬ ಗಾಡಿ ಹಿಡಿದಿರಲಿ, ನೀನು ಎರಡೂ ಫೋರ್ಕನ್ನು ಕೆಳಗಡೆ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸು. ಟಕ್ ಅಂದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗು, ಸಡಿಲ. ಆಮೇಲೆ ಒಂದೇ ಬೆರಳಲ್ಲಿ ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸು. ನಡುವೆ ಒಂದು ಗುಳಿಗೆ ಬಿದ್ದು ಎದ್ದಂತೆ ಆಯಿತೋ, ಬಾಲು ಕೂತ ಜಾಗದಲ್ಲಿ ಗುಂಡಿ ಬಿದ್ದಿದೆ, ಬಿಗಿ ಮಾಡಿದರೆ ಪ್ರಯೋಜನವಿಲ್ಲ, ಬದಲಾಯಿಸಬೇಕು. ಮಳೆಗಾಲದಲ್ಲಿ ಹಳ್ಳ ದಾಟಿಸಿ, ಪ್ರೆಷರ್ ವಾಟರ್ ಹೊಡೆಸಿ ಗ್ರೀಸ್ ತೊಳೆದುಹೋದ ಗಾಡಿಗಳಲ್ಲಿ ಇದು ಸರ್ವೇಸಾಮಾನ್ಯ. ಅದೇ ಹೊತ್ತಿಗೆ ಚಕ್ರ ತಿರುಗಿಸಿ ರಿಮ್ ಅತ್ತಿತ್ತ ಓಡುತ್ತದೆಯೋ ನೋಡು, ಸ್ಪೋಕುಗಳನ್ನು ಸ್ಪ್ಯಾನರಿನಿಂದ ತಟ್ಟಿ ಕೇಳು, ಮಂಕಾಗಿ ಸದ್ದು ಬಂದದ್ದು ಸಡಿಲ. ಮುಂದೆ 21 ಇಂಚಿನ ದೊಡ್ಡ ಚಕ್ರ ಇರುವ ಗಾಡಿ ನಿನ್ನದು. ಕಲ್ಲಿಗೆ ಒಂದು ಸಲ ಜೋರಾಗಿ ಬಡಿದರೆ ಸಾಕು.

ಟೈರಿನ ಮಾತು ಬೇರೆಯೇ ಹೇಳಬೇಕು. ಮಣ್ಣಿಗೆಂದು ದಪ್ಪ ರಬ್ಬರ್ ಗಟ್ಟಿಗಳಿರುವ ಟೈರು ಹಾಕಿಸಿ, ಅದನ್ನು ವರ್ಷಪೂರ್ತಿ ಡಾಂಬರಿನ ಮೇಲೆ ಓಡಿಸಿದರೆ ಒಂದೊಂದು ಗಟ್ಟಿಯೂ ಓರೆಯಾಗಿ ಸವೆಯುತ್ತದೆ. ಅಂಗೈ ಸವರಿದರೆ ಗರಗಸದ ಹಲ್ಲಿನ ಹಾಗೆ ಕೈಗೆ ಸಿಗುತ್ತದೆ. ಅಂಥ ಟೈರಿನಲ್ಲಿ ಹ್ಯಾಂಡಲ್ ಒದರದಿದ್ದರೇ ಆಶ್ಚರ್ಯ. ಗಾಳಿಯನ್ನು ಕಂಪನಿ ಬರೆದಿರುವಷ್ಟು ಇಡು, ಟೈರು ತಣ್ಣಗಿದ್ದಾಗ ಅಳೆಸು. ಇನ್ನು ನಿನ್ನ ಹಿಂದಿನ ಟಾಪ್ ಬಾಕ್ಸು. ಟೆಂಟು, ಟೂಲು, ನೀರಿನ ಕ್ಯಾನು, ಎಲ್ಲ ಹಿಂದಿನ ಆಕ್ಸಲ್ಲಿಗಿಂತ ಆಚೆ, ಎತ್ತರದಲ್ಲಿ. ಅಲ್ಲಿ ಭಾರ ಕೂತಷ್ಟೂ ಮುಂದಿನ ಚಕ್ರ ಹಗುರ. ಆ ಬಾಕ್ಸ್ ಬಿಚ್ಚಿಟ್ಟು ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡು. ಒದರಾಟ ನಿಂತುಹೋದರೆ ನಿನ್ನ ದುಡ್ಡು ಉಳಿಯಿತು.

ಇಷ್ಟೆಲ್ಲ ಸರಿಯಿದ್ದರೂ ಡ್ಯಾಂಪರಿಗೆ ಜಾಗವಿದೆ. ಮರಳಿನಲ್ಲಿ, ಉಂಡೆಗಲ್ಲಿನಲ್ಲಿ ಮುಂದಿನ ಚಕ್ರಕ್ಕೆ ಏಟು ಬಿದ್ದು ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತದಲ್ಲ, ಅಲ್ಲಿ ಅದು ನಿಜಕ್ಕೂ ಮಣಿಕಟ್ಟು ಉಳಿಸುತ್ತದೆ. ಸಂಜೆಯ ಹೊತ್ತಿಗೆ ತೋಳು ಸೋತಿರುವುದಿಲ್ಲ. ದೊಡ್ಡ ಗಾಡಿಗಳಿಗೆ ಕಂಪನಿಗಳೇ ಹಾಕಿವೆ. 2013ರಲ್ಲಿ ಹೊಸದಾಗಿ ಬಂದ ಬಿಎಂಡಬ್ಲ್ಯು ಆರ್ 1200 ಜಿಎಸ್‌ಗೆ ಮರುವರ್ಷದ ಮಾದರಿಯಿಂದ ಡ್ಯಾಂಪರ್ ಸೇರಿಸಿದರು. ಆದರೆ ಅದು 125 ಕುದುರೆಶಕ್ತಿಯ ಗಾಡಿ, 200 ಮುಟ್ಟುವಂಥದ್ದು. ನಿನ್ನ ಹಿಮಾಲಯನ್ 450ರದ್ದು 40. ನಮ್ಮ ಕಾಲದ ಬುಲೆಟ್ಟು, ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ ಗಾಡಿಗಳ ಹ್ಯಾಂಡಲ್ ನಡುವೆ ಒಂದು ತಿರುಗಣೆ ಇರುತ್ತಿತ್ತು, ಅದೂ ಡ್ಯಾಂಪರೇ, ಎಣ್ಣೆಯದಲ್ಲ, ಉಜ್ಜುವ ಬಿಲ್ಲೆಯದು. ಬುಲೆಟ್ಟಿಗೆ ಸೈಡ್‌ಕಾರ್ ಕಟ್ಟಿದಾಗ ಬಿಗಿ ಮಾಡುತ್ತಿದ್ದರು, ಬಿಡಿ ಗಾಡಿಯಲ್ಲಿ ಸಡಿಲ ಬಿಡುತ್ತಿದ್ದರು. ಆ ವಿವೇಕ ಇವತ್ತಿನ ಡ್ಯಾಂಪರಿಗೂ ಬೇಕು.

ಹಾಕಿಸುವುದೇ ಆದರೆ ನಿನ್ನ ಮಾದರಿಗೆಂದೇ ಮಾಡಿದ ಕ್ಲ್ಯಾಂಪು ಸಿಗುತ್ತದೆಯೋ ಮೊದಲು ವಿಚಾರಿಸು. ಸಿಗದಿದ್ದರೆ ಸಿಕ್ಕಿದ್ದನ್ನು ಕೂರಿಸಲು ಫ್ರೇಮಿನ ಕತ್ತಿಗೆ ವೆಲ್ಡಿಂಗ್ ಹೊಡೆಸಬೇಡ, ತೂತು ಕೊರೆಸಬೇಡ. ಇದರಲ್ಲಿ ನನ್ನ ಮಾತು ಮೀರಬೇಡ ಕಣಪ್ಪ, ಇಡೀ ಗಾಡಿಯ ಭಾರ ನಿಂತಿರುವುದು ಆ ಕತ್ತಿನ ಮೇಲೆ. ಬಿಡದಿ ಕಡೆ ಒಳ್ಳೊಳ್ಳೆ ಲೇತ್ ಅಂಗಡಿಗಳಿವೆ, ಬೋಲ್ಟಿನಲ್ಲಿ ಕೂರುವಂಥ ಬ್ರ್ಯಾಕೆಟ್ ಮಾಡಿಸಿಕೊಳ್ಳಬಹುದು. ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ ನೋಡು. ಗಾಡಿಯ ಸ್ವಂತ ಸ್ಟಾಪರಿಗೆ ತಾಗಿ ನಿಲ್ಲಬೇಕು, ಡ್ಯಾಂಪರಿಗೆ ತಾಗಿ ಅಲ್ಲ. ಬ್ರೇಕ್ ಹೋಸು, ಕ್ಲಚ್ ಕೇಬಲು ಎಲ್ಲೂ ಸಿಕ್ಕಿಕೊಳ್ಳಬಾರದು. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸು. ವಾರಂಟಿ ಇನ್ನೂ ಇದೆಯಲ್ಲ, ಶೋರೂಮಿನವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೋ.

ಬಿಗಿಯನ್ನು ಎಲ್ಲಕ್ಕಿಂತ ಸಡಿಲದಿಂದ ಶುರುಮಾಡು, ಒಂದೊಂದೇ ಕ್ಲಿಕ್ ಏರಿಸು. ಚನ್ನಪಟ್ಟಣದ ಪೇಟೆಯಲ್ಲಿ ನಡಿಗೆಯ ವೇಗದಲ್ಲಿ ಗಾಡಿ ಕುಡುಕನಂತೆ ಅತ್ತಿತ್ತ ವಾಲಿದರೆ ಬಿಗಿ ಜಾಸ್ತಿಯಾಯಿತು ಅಂತ ತಿಳಿ. ದಾರಿಯಲ್ಲಿ ಹ್ಯಾಂಡಲ್ ಒದರಿದಾಗ ಗಟ್ಟಿಯಾಗಿ ಹಿಡಿದು ಹೋರಾಡಬೇಡ, ಮುಂದಿನ ಬ್ರೇಕ್ ಒತ್ತಬೇಡ. ಮೊಣಕಾಲಲ್ಲಿ ಟ್ಯಾಂಕ್ ಅವುಚಿಕೊಂಡು, ಮೈ ಮುಂದಕ್ಕೆ ತಂದು, ಆಕ್ಸಿಲರೇಟರ್ ಮೆಲ್ಲಗೆ ಬಿಡು. ಹಾಕಿಸಿದ ಮೊದಲ ವಾರ ಹಗಲಲ್ಲಿ, ನಿನಗೆ ಗೊತ್ತಿರುವ ರಸ್ತೆಯಲ್ಲಿ ಮಾತ್ರ ಓಡಿಸು, ಸಂಜೆ ಬಂದು ಬೋಲ್ಟು ಮುಟ್ಟಿ ನೋಡು, ಸೀಲಿನಲ್ಲಿ ಎಣ್ಣೆ ಜಿನುಗಿದೆಯೋ ಒರೆಸಿ ನೋಡು. ಆ ವಾರ ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡ.