ಗೊರಕೆಯ ನಡುವೆ ಉಸಿರು ನಿಂತರೆ

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಸಾಂಗಲಿ ಪೇಟೆಗೆ ಅರಿಶಿನದ ಲಾರಿ ಓಡಿಸುತ್ತಾರೆ. ಗೊರಕೆ ಮೊದಲಿನಿಂದಲೂ ಇತ್ತು. ಎರಡು ವರ್ಷದಿಂದ ಪಕ್ಕದ ಮನೆಗೂ ಕೇಳುತ್ತದೆ. ನಡುವೆ ಸದ್ದು ನಿಂತುಬಿಡುತ್ತದೆ, ಆಮೇಲೆ ಉಸಿರುಗಟ್ಟಿದವರಂತೆ ಬೆಚ್ಚುತ್ತಾರೆ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಬಿಪಿಗೆ ಎರಡು ಥರ ಗುಳಿಗೆ ನುಂಗಿದರೂ ಇಳಿದಿಲ್ಲ. ಅತ್ತೆಯವರು ‘ಗೊರಕಿ ಹೊಡಿಯೋರಿಗೆ ನಿದ್ದಿ ಛಲೋ ಹತ್ತತೈತಿ’ ಅನ್ನುತ್ತಾರೆ. ಡಾಕ್ಟರಿಗೆ ತೋರಿಸಬೇಕೇ?
– ಹೆಸರು ಬೇಡ, ಜತ್ತ ತಾಲ್ಲೂಕು

ಉತ್ತರ: ತೋರಿಸಲೇಬೇಕಮ್ಮ, ಈ ವಾರವೇ. ನೆಗಡಿಯಾದಾಗ, ತೀರಾ ದಣಿದಾಗ, ಅಂಗಾತ ಮಲಗಿದಾಗ ಬರುವ ಸಣ್ಣ ಗೊರಕೆಗೆ ಹೆದರಬೇಕಿಲ್ಲ. ನೀವು ಬರೆದಿರುವುದು ಅದಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಕಿರಿದಾಗುತ್ತದೆ, ಗಾಳಿ ನುಗ್ಗುವಾಗ ಕಿರುನಾಲಿಗೆಯ ಸುತ್ತಲಿನ ಭಾಗ ಅದುರುತ್ತದೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಸದ್ದೂ ಇಲ್ಲ, ಉಸಿರೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅವರನ್ನು ಅರೆಕ್ಷಣ ಎಬ್ಬಿಸುತ್ತದೆ. ಬೆಳಿಗ್ಗೆ ಅವರಿಗೆ ಒಂದೂ ನೆನಪಿರದು. ಹತ್ತು ಸೆಕೆಂಡಿಗೂ ಹೆಚ್ಚಿನ ಇಂಥ ತಡೆ ಗಂಟೆಗೆ 5 ದಾಟಿ, ಹಗಲಲ್ಲಿ ತೂಕಡಿಕೆಯೂ ಇದ್ದರೆ ಅದು ಸ್ಲೀಪ್ ಅಪ್ನಿಯ ಎಂಬ ಕಾಯಿಲೆ. 30 ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದೊತ್ತಡ ಏರುತ್ತದೆ. ಗುಳಿಗೆಗೆ ಬಿಪಿ ಬಗ್ಗದಿರಲು ಇದೇ ಕಾರಣವಿರಬಹುದು. ಹೃದಯದ ಲಯ ತಪ್ಪುವ, ಲಕ್ವ ಹೊಡೆಯುವ ಅಪಾಯವೂ ಹೆಚ್ಚು. ಅತ್ತೆಯವರಿಗೆ ಹೇಳಿ: ಅವರ ಮಗನಿಗೆ ರಾತ್ರಿಯಿಡೀ ನಿದ್ದೆಯೇ ಆಗುತ್ತಿಲ್ಲ.

ನನಗೆ ಹೆಚ್ಚು ಭಯ ಇರುವುದು ಲಾರಿಯ ಬಗ್ಗೆ. ದುಡಿಮೆ ನಿಂತರೆ ಮನೆ ನಡೆಯುವುದು ಕಷ್ಟ, ಬಲ್ಲೆ. ಆದರೂ ಚಿಕಿತ್ಸೆ ಹಿಡಿದು ತೂಕಡಿಕೆ ಹೋಗುವವರೆಗೆ ಅವರು ಸ್ಟೇರಿಂಗ್ ಹಿಡಿಯಬಾರದು. ಕಣ್ಣು ಒಮ್ಮೆ ಮುಚ್ಚಿದರೆ ಸಾಕು.

1894ರಲ್ಲಿ ಡಾ. ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಗಡಿಭಾಗದ ಜನ ದೊಡ್ಡ ಕಾಯಿಲೆಗೆ ಈ ಊರಿಗೆ ಬರುತ್ತಾರೆ. ಗೊರಕೆಗೆಂದು ಬಸ್ಸು ಹತ್ತುವವರು ಮಾತ್ರ ಕಡಿಮೆ. ನೀವು ಹತ್ತಿ. ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಹೋಗುವ ಮೊದಲು ಅವರು ಮಲಗಿರುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ನಿಮ್ಮ ಕಣ್ಣಿನ ಸಾಕ್ಷಿ ವೈದ್ಯರಿಗೆ ಬೇಕು. ಒಂದು ರಾತ್ರಿಯ ನಿದ್ರಾ ಪರೀಕ್ಷೆಯಲ್ಲಿ ಕಾಯಿಲೆ ಎಷ್ಟಿದೆ ಎಂಬುದು ತಿಳಿಯುತ್ತದೆ. ತೀವ್ರವಿದ್ದರೆ ಸಿಪ್ಯಾಪ್ ಎಂಬ ಯಂತ್ರ ಕೊಡುತ್ತಾರೆ. ಮೂಗಿನ ಮೇಲಿನ ಮುಸುಕಿನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ಹಿಡಿಯುವ ಯಂತ್ರವಿದು. ಮೊದಮೊದಲು ಕಿರಿಕಿರಿ ಎನಿಸಿದರೂ ಬಿಡಬಾರದು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಇವೂ ನೆರವಾಗುತ್ತವೆ. ನಿದ್ದೆಗುಳಿಗೆ ಮಾತ್ರ ಖಂಡಿತ ಬೇಡ, ಅದು ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ.

ಪ್ರಶ್ನೆ: ಆರು ವರ್ಷದ ಮಗಳು ಬಾಯಿ ತೆರೆದು ಮಲಗುತ್ತಾಳೆ, ದಿನವೂ ಗೊರಕೆ. ದೊಡ್ಡವಳಾದರೆ ಹೋಗುತ್ತದೆಯೇ?
– ಓದುಗರು, ಮಿರಜ

ಉತ್ತರ: ಕಾಯಬೇಡಿ. ಮಕ್ಕಳಲ್ಲಿ ದಿನವೂ ಗೊರಕೆ ಬಂದರೆ ಹೆಚ್ಚಾಗಿ ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ಊದಿರುತ್ತವೆ. ಹಾಸಿಗೆ ಒದ್ದೆಯಾಗುವುದು, ಶಾಲೆಯಲ್ಲಿ ಗಮನ ನಿಲ್ಲದಿರುವುದು, ಸಿಡುಕು ಇವೂ ಅದರಿಂದಲೇ ಬರಬಹುದು. ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಅವುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಮಕ್ಕಳ ಉಸಿರು ಸರಾಗವಾಗುತ್ತದೆ.